ಎಂಟೂ ಹತ್ತರ ಬಸ್ಸಿನ ನೂರ ಹದಿನಾಲ್ಕು ಹಾಡುಗಳು

ಕೊಟ್ಟೂರು
ಭಾನುವಾರ, 16 ನವೆಂಬರ್ 2025

ಚಿ. ಸೌ. ದಾಕ್ಷಾಯಣಿಗೆ,

ನಿನ್ನ ಮೊಣಕಾಲಿನ ನೋವು ಹೇಗಿದೆ? ಮಾಗಳದಲ್ಲಿ ಈಗ ಬೆಳಗಿನ ಹೊತ್ತು ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿರಬೇಕು. ನಸುಕಿನಲ್ಲೇ ಹೊಳೆಗೆ ಇಳಿದುಹೋಗುವ ತವರಿನ ಅಭ್ಯಾಸವನ್ನು ಈ ಒಂದು ವರ್ಷ ಬಿಡು. ಬಿಪಿ ಮಾತ್ರೆಗಳು ಮುಗಿದಿರಬೇಕೆಂದು ಊಹಿಸಿ, ಎರಡು ತಿಂಗಳಿಗೆ ಆಗುವಷ್ಟನ್ನು ಈ ಪತ್ರದ ಜೊತೆ ನಿನ್ನ ತಮ್ಮ ಗಂಗಾಧರನ ಕೈಯಲ್ಲಿ ಕಳಿಸುತ್ತಿದ್ದೇನೆ. ಬಿಳಿಯದು ಬೆಳಿಗ್ಗೆ, ಗುಲಾಬಿ ಬಣ್ಣದ್ದು ರಾತ್ರಿ. ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ನನ್ನ ಬಗ್ಗೆ ನೀನು ಕೇಳಿಲ್ಲವಾದರೂ ತಿಳಿಸುವುದು ನನ್ನ ಕರ್ತವ್ಯ: ಮಧ್ಯಾಹ್ನ ಖಾನಾವಳಿಯ ರೊಟ್ಟಿ, ರಾತ್ರಿ ಮಂಡಕ್ಕಿ ಇಲ್ಲವೇ ಮಜ್ಜಿಗೆ ಅನ್ನ. ದೇವರ ಮನೆಯ ದೀಪ ತಪ್ಪಿಸಿಲ್ಲ. ನಿನ್ನ ತುಳಸಿಗೆ ನೀರು ಹಾಕುತ್ತಿದ್ದೇನೆ. ಹೆಚ್ಚಾಯಿತೋ ಏನೋ, ಎಲೆ ಹಳದಿಯಾಗುತ್ತಿದೆ. ನೀನು ಹೋಗಿ ಐವತ್ತನಾಲ್ಕು ದಿನವಾಯಿತು. ನನ್ನ ಫೋನನ್ನು ನೀನು ಎತ್ತುವುದಿಲ್ಲ. ಅದಕ್ಕೆ ನಿನಗೆ ಕಾರಣವಿದೆ. ಆಕ್ಷೇಪಿಸುವ ಅಧಿಕಾರ ನನಗಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಿನ್ನೆ ಹಗರಿಬೊಮ್ಮನಹಳ್ಳಿಯಲ್ಲಿ, ನಮ್ಮ ಮಗಳು ಅರ್ಚನಾ ವಿಜ್ಞಾನ ಕಲಿಸುತ್ತಿದ್ದ ಪ್ರೌಢಶಾಲೆಯವರು ಅವಳಿಗಾಗಿ ಶ್ರದ್ಧಾಂಜಲಿ ಸಭೆ ಏರ್ಪಡಿಸಿದ್ದರು. ಆ ಸಭೆಯಲ್ಲಿ ನಾನು ಆಡಿದ ಮಾತು ಇಷ್ಟು ಹೊತ್ತಿಗೆ ನಿನಗೆ ತಲುಪಿರಬಹುದು, ಇಲ್ಲವೇ ಏಕಾಂತಪ್ಪಣ್ಣ ಇಂದು ಸಂಜೆಯೊಳಗೆ ತಲುಪಿಸುತ್ತಾನೆ. ದೊಡ್ಡಪ್ಪನ ಮಗನೆಂಬ ಹಿರಿತನದಲ್ಲಿ ಅವನು ಯಾವ ಸುದ್ದಿಯನ್ನೂ ಇಟ್ಟುಕೊಂಡವನಲ್ಲ. ಅವನ ಬಾಯಿಂದ ಕೇಳುವ ಮೊದಲು ನನ್ನಿಂದ ಕೇಳು. ಮಾತಾಡಲು ಕರೆದಾಗ ನಾನು ಎದ್ದು ನಿಂತು ಹೇಳಿದ್ದು ಇಷ್ಟೇ: 'ಇಲ್ಲಿ ನೆರೆದಿರುವ ಗುರುಗಳಿಗೆ, ಮಕ್ಕಳಿಗೆ, ಕೂಡ್ಲಿಗಿಯಿಂದ ಹಡಗಲಿಯಿಂದ ಕೆಲಸ ಬಿಟ್ಟು ಬಂದಿರುವ ಬಂಧುಗಳಿಗೆ ನಾನು ಋಣಿ. ನಿಮ್ಮೆಲ್ಲರಿಗೂ ಕೃತಜ್ಞತೆಗಳು. ಆದರೆ ನೀವು ತಂದಿರುವ ಸಂತಾಪವನ್ನು ನಾನು ಸ್ವೀಕರಿಸಲಾರೆ. ದಯವಿಟ್ಟು ಅದನ್ನು ಹಿಂದಕ್ಕೆ ಒಯ್ಯಿರಿ.' ಏಕಾಂತಪ್ಪಣ್ಣ ಹಿಂದಿನಿಂದ ನನ್ನ ಅಂಗಿ ಜಗ್ಗಿ, 'ಏನ್ ಮಾತಾಡಾಕತ್ತೀಯೋ ತಮ್ಮಾ, ಮಂದಿ ನೋಡಾಕತ್ತಾರ, ಕುಂದ್ರು' ಎಂದ. ಕಾರಣ ಹೇಳಬೇಕೆಂದೇ ನಾನು ಎದ್ದಿದ್ದೆ. ಎಷ್ಟೋ ವೇದಿಕೆಗಳ ಮೇಲೆ ಗಂಟೆ ಬಾರಿಸಿದರೂ ನಿಲ್ಲದ ನಾಲಿಗೆ ಅಲ್ಲಿ ಮುಂದೆ ಹೊರಳಲಿಲ್ಲ. ಕುಳಿತುಬಿಟ್ಟೆ.

ನಾನು ಹಾಗೆ ಹೇಳುವಂತೆ ಮಾಡಿದ್ದು ನನಗಿಂತ ಮೊದಲು ಮಾತಾಡಿದ ಮುಖ್ಯೋಪಾಧ್ಯಾಯರ ಭಾಷಣ. ಅವರು ಒಳ್ಳೆಯ ಮನುಷ್ಯರು. ಅವರ ಕಣ್ಣು ಒದ್ದೆಯಾಗಿತ್ತು. ಕೊನೆಯಲ್ಲಿ ಮಕ್ಕಳ ಕಡೆ ತಿರುಗಿ, 'ನೋಡ್ರಿ ಮಕ್ಕಳಾ, ಕಿವ್ಯಾಗ ವೈರ್ ಹಾಕ್ಕೊಂಡು ರಸ್ತೆ ದಾಟಬ್ಯಾಡ್ರಿ. ನಮ್ಮ ಅರ್ಚನಾ ಮೇಡಂ ಉದಾಹರಣೆ ನಿಮ್ಮ ಕಣ್ಣ ಮುಂದ ಐತಿ' ಎಂದರು. ಮುನ್ನೂರು ಮಕ್ಕಳು ತಲೆಯಾಡಿಸಿದರು. ಗುರುತ್ವ ಏನು, ಘರ್ಷಣೆ ಏನು ಎಂದು ಅವರಿಗೆ ಉದಾಹರಣೆ ಕೊಟ್ಟು ಕಲಿಸಿದವಳು ತಾನೇ ಅಜಾಗರೂಕತೆಗೆ ಉದಾಹರಣೆಯಾಗಿಬಿಟ್ಟಳು. ಮುಂದಿನ ಸಾಲಿನ ಒಬ್ಬ ಹುಡುಗಿ ಮಾತ್ರ ತಲೆಯಾಡಿಸಲಿಲ್ಲ. 'ಮೇಡಂ ಹಂಗ ಮಾಡೋರಲ್ರಿ ಸಾರ್' ಎಂದು ಎದ್ದು ನಿಂತು ಹೇಳಿದಳು. ಪಕ್ಕದವಳು ಅವಳನ್ನು ಎಳೆದು ಕೂರಿಸಿದಳು.

ಆ ಮಾತು ಎಲ್ಲಿಂದ ಹುಟ್ಟಿತೆಂಬುದು ನಿನಗೆ ಗೊತ್ತು. ಸೆಪ್ಟೆಂಬರ್ ಹನ್ನೊಂದರ ಗುರುವಾರ, ಆಸ್ಪತ್ರೆಯ ವರಾಂಡದಲ್ಲಿ ಏಕಾಂತಪ್ಪಣ್ಣ 'ಹೆಂಗಾತೋ ತಮ್ಮಾ?' ಎಂದು ಕೇಳಿದಾಗ ನಾನು, 'ಕಿವ್ಯಾಗ ವೈರ್ ಇತ್ತು, ಟಿಪ್ಪರ್ ಹಾರ್ನ್ ಕೇಳಿಸಿಲ್ಲ' ಎಂದೆ. ಒಂದೇ ಒಂದು ವಾಕ್ಯ. ಅವಳು ಲಿಂಗೈಕ್ಯಳಾದ ಸುದ್ದಿಗಿಂತ ಮೊದಲೇ ಅದು ಹರಪನಹಳ್ಳಿ ಮುಟ್ಟಿತ್ತು. ನಿನ್ನ ಪ್ರಶ್ನೆಯೂ ಒಂದೇ ವಾಕ್ಯದ್ದು. ಆಸ್ಪತ್ರೆಯವರು ಕೊಟ್ಟ ವಸ್ತುಗಳನ್ನೆಲ್ಲ ನೀನು ನಡುಮನೆಯಲ್ಲಿ ಹರವಿ ಕುಳಿತಿದ್ದೆ: ಕೈಗಡಿಯಾರ, ಊಟದ ಡಬ್ಬಿ, ಬಸ್ ಪಾಸು, ಫೋನು. 'ಎಲ್ಲಾ ಬಂದಾವು. ನಾ ಹೊಲಿದುಕೊಟ್ಟ ನೀಲಿ ಸಂಚಿ ಎಲ್ಲೈತ್ರಿ? ವೈರ್ ಅದರಾಗ ಇರ್ತಿದ್ವು' ಎಂದು ನೀನು ಕೇಳಿದೆ. ರಸ್ತೆಯಲ್ಲಿ ಬಿದ್ದುಹೋಗಿರಬೇಕು ಎಂದೆ ನಾನು. ನೀನು ನನ್ನ ಮುಖವನ್ನು ನೋಡಿದೆ. ಮರುದಿನ ಬೆಳಿಗ್ಗೆ ಗಂಗಾಧರನ ಜೊತೆ ಹೊರಟುಹೋದೆ. ಆ ಪ್ರಶ್ನೆಗೆ ಉತ್ತರ ಕೊಡಲೆಂದೇ ಈ ಪತ್ರ. ಆದರೆ ಉತ್ತರಕ್ಕೆ ಮೊದಲು ಕೆಲವು ಸಂಗತಿಗಳನ್ನು ಕ್ರಮವಾಗಿ ನಿನ್ನ ಮುಂದಿಡಬೇಕು. ಇದು ನನ್ನ ಹಳೆಯ ದೌರ್ಬಲ್ಯವೆಂದು ನೀನು ಅಂದುಕೊಂಡರೆ ಅದೂ ಸರಿಯೇ.

ಎಂಟೂ ಹತ್ತರ ಹಗರಿಬೊಮ್ಮನಹಳ್ಳಿ ಬಸ್ಸಿನ ಹಿಂದಿನ ಸೀಟಿನಲ್ಲಿ ಏನು ನಡೆಯುತ್ತಿತ್ತೆಂದು ನಿನಗೆ ಅವಳೇ ಹೇಳಿದ್ದಳು. ನನಗೆ ಹೇಳಲು ಬಂದಾಗಲೆಲ್ಲ ನಾನು ಅಂಗೈ ಎತ್ತಿದೆ. ನನ್ನ ಆ ಅಂಗೈ ನಿನಗೆ ಗೊತ್ತಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿ ನಡುವೆ ಬಾಯಿ ಹಾಕಿದರೆ ಅವನತ್ತ ನೋಡದೆಯೇ ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿಯುತ್ತಿದ್ದೆ; ಅವನು ನಿಲ್ಲುತ್ತಿದ್ದ. ಆಮೇಲೆ ಹಾರ್ಡ್‌ವೇರ್ ಅಂಗಡಿಯಲ್ಲಿ ಗಿರಾಕಿಗಳು ನಿಂತರು, ಮನೆಯಲ್ಲಿ ನೀನು ನಿಂತೆ, ಅರ್ಚನಾ ಹಾಲು ಕುಡಿಯುವ ವಯಸ್ಸಿನಿಂದಲೇ ನಿಂತಳು.

ಈಗ ನನಗೆ ತಿಳಿದಿರುವುದು ಇದು. ಅವಳ ಬಳಿ ಬೆರಳುದ್ದದ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿಯಿತ್ತು. ಅದರ ಬಾಲವನ್ನು ಫೋನಿಗೆ ಸಿಕ್ಕಿಸಿದರೆ, ಅದರ ಐದು ಕಿಂಡಿಗಳಲ್ಲಿ ಐದು ಜೊತೆ ಇಯರ್‌ಫೋನು ಹಾಕಿ ಐದು ಜನ ಒಂದೇ ಹಾಡನ್ನು ಕೇಳಬಹುದು. ಅದಕ್ಕೆ ಅವರು 'ಜಂಕ್ಷನ್' ಎನ್ನುತ್ತಿದ್ದರು. ಹೆಸರಿಟ್ಟವನು ಲೈನ್‌ಮನ್ ಕ್ರಾಂತಿಕುಮಾರ್, ನಮ್ಮ ಅಂಗಡಿಯಲ್ಲಿ ವೈರ್ ಕೂಡಿಸುವ ಜಂಕ್ಷನ್ ಬಾಕ್ಸು ಕೊಳ್ಳಲು ಬರುತ್ತಿದ್ದ ಕೂಡ್ಲಿಗಿಯ ಅದೇ ಎತ್ತರದ ಹುಡುಗ. ಬ್ಯಾಂಕಿನ ಗುಮಾಸ್ತೆ ಕೋಮಲಾ ಮೂರನೆಯವಳು. ನಾಲ್ಕನೆಯವನು ಕಂಡಕ್ಟರ್ ಉಜ್ಜಿನಪ್ಪ; ಟಿಕೆಟ್ ಹರಿದು ಮುಗಿಸಿ, ಇಯರ್‌ಫೋನು ಕಿವಿಗಿಟ್ಟುಕೊಂಡು, ಬಾಗಿಲ ಕಂಬಿ ಹಿಡಿದು ನಿಂತೇ ಕೇಳುತ್ತಿದ್ದನಂತೆ. ದಿನಕ್ಕೊಬ್ಬರಂತೆ ಸರದಿ. ಸರದಿಯವರು ಉಳಿದವರು ಎಂದೂ ಕೇಳಿರದ ಒಂದು ಹಾಡು ತರಬೇಕು. ಯಾವ ದೇಶದ್ದು, ಯಾವ ಭಾಷೆಯದು, ಹಾಡಿದವರಾರು ಎಂಬುದನ್ನು ಮೊದಲೇ ಹೇಳುವಂತಿಲ್ಲ. ಹಾಡು ಮುಗಿದ ಮೇಲೆ ಒಬ್ಬರು ಪರವಾಗಿ, ಒಬ್ಬರು ವಿರೋಧವಾಗಿ ಮಾತಾಡಬೇಕು. ಆಮೇಲೆ ಮತ. ಆಮೇಲೆ ನನ್ನ ಕೈಸೇರಿದ ಅವಳ ನೋಟ್‌ಬುಕ್ಕಿನಲ್ಲಿ ಓದಿದೊಡನೆ ಈ ನಿಯಮಗಳ ಗುರುತು ಹಿಡಿದೆ, ದಾಕ್ಷಾಯಣಿ. ಪರ, ವಿರೋಧ, ತಲಾ ಎರಡು ನಿಮಿಷ, ವೈಯಕ್ತಿಕ ನಿಂದೆಗೆ ಅಂಕ ಕಡಿತ: ಅವಳಿಗೆ ಎಂಟು ವರ್ಷವಾಗಿದ್ದಾಗ ಊಟದ ಎಲೆಯ ಮುಂದೆ ನಾನು ಕಲಿಸಿದ ನಿಯಮಗಳು ಅವು.

ಇದನ್ನು ನನಗೆ ಬೇರೆ ಬಣ್ಣದಲ್ಲಿ ತೋರಿಸಿದವನು ಏಕಾಂತಪ್ಪಣ್ಣ. ಸೆಪ್ಟೆಂಬರ್ ಮೊದಲ ವಾರ ಅಂಗಡಿಗೆ ಬಂದು, ಸ್ಟೂಲು ಎಳೆದುಕೊಂಡು ಕುಳಿತು, 'ತಮ್ಮಾ, ನಿನ್ನ ಮಗಳು ಆ ಲೈನ್‌ಮನ್ ಹುಡುಗನ ಕೂಡ ಒಂದ ಡಬ್ಬಿಯಿಂದ ವೈರ್ ಎಳಕೊಂಡು ಕುಂತಿರತಾಳಂತಲ್ಲ. ಕಿವಿತನಕ ಬಂದ ವೈರು ನಾಳಿ ಕೊರಳತನಕ ಬಂದೀತು, ನೋಡ್ಕೋ' ಎಂದ. ಹುಡುಗನ ಜಾತಿಯನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ, ಇಬ್ಬರಿಗೂ ಅರ್ಥವಾಯಿತು. ಹತ್ತನೇ ತಾರೀಕಿನ ಬುಧವಾರ ಬೆಳಿಗ್ಗೆ ಅರ್ಚನಾಳಿಗೆ ಹೇಳಿದೆ: ಹೊಸ ಹಾಡು ಬೇಕಾದರೆ ಮನೆಯಲ್ಲಿ ಕುಳಿತು ಕೇಳು, ಬಸ್ಸಿನಲ್ಲಿ ಮಂದಿಯ ಮಧ್ಯೆ ಬೇಡ. ಅವಳು ಜಡೆ ಹೆಣೆದುಕೊಳ್ಳುತ್ತಲೇ, 'ಒಬ್ಬಾಕೀನ ಕೇಳಿದ್ರ ಹಾಡು ಅರ್ಧ ಆಗತೈತಿ ಅಪ್ಪಾಜಿ. ಇನ್ನೊಬ್ರು ಅದನ್ನ ಬೈಬೇಕು. ಆವಾಗ ಪೂರಾ' ಎಂದಳು. ನಕ್ಕಳು ಕೂಡ. ಅದಕ್ಕೆ ಉತ್ತರ ಕೊಡಲು ನನಗೆ ಸಾಧ್ಯವಾಗಲಿಲ್ಲ. ಸಾಧ್ಯವಾಗದಿದ್ದಾಗ ಮಾಡುವುದನ್ನೇ ಮಾಡಿದೆ. ಅಂಗೈ ಎತ್ತಿದೆ.

ಮಣ್ಣಾದ ಮೂರನೆಯ ದಿನ ಕ್ರಾಂತಿಕುಮಾರ್ ನಮ್ಮ ಬಾಗಿಲಿಗೆ ಬಂದದ್ದನ್ನು ನೀನು ಒಳಗಿನಿಂದ ನೋಡಿದ್ದೆ. ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು, ಕಟ್ಟೆಯ ಕೆಳಗೆ ನಿಂತು, 'ಅಪ್ಪಾಜೀರ, ಒಂದ ಮಾತು ಕೇಳ್ರಿ. ಆಕಿ ಕಿವ್ಯಾಗ ಅವತ್ತು ಏನೂ' ಎನ್ನುವಷ್ಟರಲ್ಲಿ ನಾನು, 'ನನ್ನ ಬಾಗಿಲಾಗ ನಿಂತು ನನಗ ವಾದ ಹೇಳ್ತೀಯೇನಲೇ? ನಿಮ್ಮ ಹಾಡ ಆಕೀನ ತಿಂದಾವು' ಎಂದೆ. ಅಂಗೈ ಎತ್ತಿದ್ದೆ. ಅವನು ನಿಂತ. ಏಕಾಂತಪ್ಪಣ್ಣನ ಮಕ್ಕಳು ಅವನ ಹೆಗಲಿಗೆ ಕೈ ಹಾಕಿ ಬೀದಿಯ ತುದಿಯವರೆಗೆ ನೂಕಿಕೊಂಡು ಹೋದರು; ನಾನು ಬೇಡವೆನ್ನಲಿಲ್ಲ. ಅವನು ಈಗ ಹರಪನಹಳ್ಳಿಗೆ ವರ್ಗ ಕೇಳಿದ್ದಾನಂತೆ. ಒಂದನೇ ತಾರೀಕಿಗೆ ಹೊರಡುತ್ತಾನೆ. ಕೋಮಲಾ ಆ ಬಸ್ಸನ್ನು ಬಿಟ್ಟು ಏಳೂವರೆಯದಕ್ಕೆ ಹೋಗುತ್ತಾಳೆ. ಬ್ಯಾಂಕಿನಲ್ಲಿ ಯಾರೋ ಅವಳ ಮುಖದ ಮೇಲೇ, 'ನೀನ ಅಲ್ಲೇನವ್ವ ಆ ಹುಡುಗಿಗೆ ಹಾಡಿನ ಗೀಳು ಹಚ್ಚಿದಾಕಿ' ಎಂದರಂತೆ.

ದೀಪಾವಳಿ ಕಳೆದು ಎರಡು ವಾರದ ಮೇಲೆ ಉಜ್ಜಿನಪ್ಪ ಅಂಗಡಿಗೆ ಬಂದ. ಬಸ್ ನಿಲ್ದಾಣ ನಮ್ಮ ಅಂಗಡಿಯ ಎದುರಿಗೇ ಇದ್ದರೂ ಅವನು ಎರಡು ತಿಂಗಳಿಂದ ರಸ್ತೆ ದಾಟಿರಲಿಲ್ಲ. ಅರ್ಧ ಇಂಚಿನ ನಲ್ಲಿ ಕೇಳಿದ, ಕೊಟ್ಟೆ. ಹೋಗಲಿಲ್ಲ. ಟಿಕೆಟ್ ಚೀಲದಿಂದ ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದು ಕೌಂಟರಿನ ಮೇಲಿಟ್ಟು, 'ಸಾವ್ಕಾರ್ರ, ಇದು ಆಕೀದು. ಅವತ್ತು ಬಸ್ ಇಳಿಯೂ ಮುಂದ ನನ್ನ ಕೈಯಾಗ ಕೊಟ್ಟಿದ್ಲು' ಎಂದ. ಆಮೇಲೆ, ನನ್ನನ್ನು ನೋಡದೆ, ನಲ್ಲಿಯನ್ನು ತಿರುಗಿಸುತ್ತ ಹೇಳಿದ: 'ಅವತ್ತು ಸಂಚಿ ಕಾಣವಲ್ದು ಅಂದ್ಲು. ಅಪ್ಪಾಜಿ ಅಂಗಡ್ಯಾಗ ಐತೇನೋ ಕೇಳಿ ಬರ್ತೀನಿ, ಎರಡ ನಿಮಿಷ ನಿಲ್ಸಣ್ಣಾ, ಇವತ್ತು ನನ್ನ ಸರದಿ ಅಂದ್ಲು. ನಾ ನಿಲ್ಸಿದೆ. ನಿಲ್ಸದ ರೈಟ್ ಅಂದಿದ್ರ ಆಕಿ ಇಳೀತಿದ್ದಿಲ್ರಿ. ಆ ಎರಡ ನಿಮಿಷ ನಂದು. ಮನ್ಯಾಗ ಹೇಳೀನಿ, ನಿಮಗ ಹೇಳಿದ್ದಿಲ್ಲ.' ಐವತ್ತೈದು ವರ್ಷದ ಗಂಡಸು, ಗಿರಾಕಿಗಳ ಎದುರಿಗೆ, ತೋಳಿನಿಂದ ಮೂಗು ಒರೆಸಿಕೊಂಡ. ಅವನಿಗೆ ಹೇಳಬೇಕಾದದ್ದೊಂದು ನನ್ನ ಬಳಿ ಇತ್ತು. ನಾನು ಅವನನ್ನೂ ತಡೆದೆ. ಯಾವ ಕೈಯಿಂದ ಎಂಬುದನ್ನು ಬರೆಯುವ ಅಗತ್ಯವಿಲ್ಲ.

ಅಂದಿನಿಂದ ಮಧ್ಯಾಹ್ನ ಅಂಗಡಿಯ ಶಟರನ್ನು ಅರ್ಧ ಇಳಿಸಿ, ಆ ನೋಟ್‌ಬುಕ್ಕನ್ನು ತೆರೆದು, ಅದರ ಕ್ರಮದಲ್ಲೇ ಅವಳ ಫೋನಿನಲ್ಲಿ ಒಂದೊಂದೇ ಹಾಡು ಕೇಳುತ್ತಿದ್ದೇನೆ. ಫೋನಿಗೆ ಬೀಗವಿರಲಿಲ್ಲ. ಏನೇನೋ ಮುಚ್ಚಿಟ್ಟಿದ್ದಾಳೆಂದು ನಾನು ಶಂಕಿಸಿದ್ದ ಫೋನು ಅದು. ಒಟ್ಟು ನೂರ ಹದಿನಾಲ್ಕು ಹಾಡು. ಹನ್ನೆರಡನೆಯದು ಕ್ರಾಂತಿಕುಮಾರ್ ತಂದದ್ದು. ಉತ್ತರದ ಯಾವುದೋ ಹಿಮದ ದೇಶದ, ಹೆವಿ ಮೆಟಲ್ ಎಂಬ ಅಬ್ಬರದ ಸಂಗೀತ. ಶುರುವಾದೊಡನೆ ಕೌಂಟರಿನ ಮೇಲಿನ ಮೊಳೆಗಳು ಕುಣಿದವು. ವಿರೋಧ ಮಾತಾಡಿದವನು ಉಜ್ಜಿನಪ್ಪ. ಅವಳು ಅವನ ಮಾತನ್ನು ಹಾಗೆಯೇ ಬರೆದುಕೊಂಡಿದ್ದಾಳೆ: 'ಏನಪಾ ಇದು, ಗೇರ್ ಬಾಕ್ಸ್ ಒಡದಂಗೈತಿ. ಹಿಂಗ ಸದ್ದು ಬಂದ್ರ ನಾವು ಗಾಡಿ ಡಿಪೋಕ್ಕ ಹೊಡಿತೀವಿ.' ಕ್ರಾಂತಿಯ ಉತ್ತರ: 'ಅಣ್ಣಾ, ಗಾಳಿಮಳಿಯಾಗ ಕಂಬ ಹತ್ತಿದವಗ ಇದು ಜೋಗುಳ.' ಒಂದಕ್ಕೆ ಮೂರು ಮತಗಳಿಂದ ನಪಾಸು. ಕೆಳಗೆ ಅವಳ ಅಕ್ಷರದಲ್ಲಿ: 'ನಾನೂ ವಿರೋಧಕ್ಕೆ ಮತ ಹಾಕಿದೆ. ಮನೆಗೆ ಹೋಗಿ ಮತ್ತೆ ಕೇಳಿದೆ. ತಪ್ಪು ಮಾಡಿದೆ ಅನ್ನಿಸುತ್ತಿದೆ. ನಾಳೆ ಒಪ್ಪಿಕೊಳ್ಳುವುದು.' ಮರುದಿನದ ಪುಟದ ಮೊದಲ ಸಾಲು: 'ಒಪ್ಪಿಕೊಂಡೆ.' ಅದನ್ನು ಓದಿ ನಾನು ಆ ಮಧ್ಯಾಹ್ನ ಮುಂದೆ ಏನನ್ನೂ ಕೇಳಲಿಲ್ಲ.

ಉಜ್ಜಿನಪ್ಪನ ಸರದಿಯಲ್ಲಿ ಗೀಗೀ ಪದ ಬಂತು. ಕ್ರಾಂತಿ ಅದನ್ನು ಕೇಳಿ 'ಇದು ರ‍್ಯಾಪ್ ಐತಲ್ರೋ' ಎಂದನಂತೆ. ಉಜ್ಜಿನಪ್ಪ, 'ನಿಮ್ಮ ರ‍್ಯಾಪ್ ಇದರ ಮೊಮ್ಮಗ ಅನ್ನಲೇ' ಎಂದನಂತೆ. ಅಂದು ನಾಲ್ಕಕ್ಕೆ ನಾಲ್ಕು. ಆಫ್ರಿಕಾದ ಮರುಭೂಮಿಯ ಗಿಟಾರ್ ಇದೆ, ಕೊರಿಯಾದ ಹುಡುಗಿಯರ ಕುಣಿತದ ಹಾಡಿದೆ, ಕರ್ನಾಟಕ ಸಂಗೀತದ ನಲವತ್ತು ನಿಮಿಷದ ಆಲಾಪನೆಯಿದೆ. ಅದಕ್ಕೆ ಕೋಮಲಾಳ ವಿರೋಧ, 'ಹಂಪಾಪಟ್ಣ ಬಂದ್ರೂ ಪಲ್ಲವಿ ಬರಲಿಲ್ಲ.' ಜಾಝ್ ಎಂಬ ಒಂದು ಬಗೆ ಇದೆ. ಅದರಲ್ಲಿ ಒಬ್ಬ ವಾದ್ಯಗಾರ ಮಾತಾಡುವಾಗ ಉಳಿದವರು ತಗ್ಗಿ ಕಾಯುತ್ತಾರೆ, ಆಮೇಲೆ ಇನ್ನೊಬ್ಬ ಅವನದೇ ಮಾತನ್ನು ಎತ್ತಿಕೊಂಡು ತಿರುಚಿ ಉತ್ತರಿಸುತ್ತಾನೆ. ಯಾರೂ ಯಾರನ್ನೂ ಕೈ ಎತ್ತಿ ನಿಲ್ಲಿಸುವುದಿಲ್ಲ. ಮೂರು ಸಲ ಕೇಳಿದೆ. ನಾಲ್ಕನೆಯ ಸಲ ನನಗೆ ಒಂದು ಆಕ್ಷೇಪ ಹೊಳೆಯಿತು: ಕೊನೆಯಲ್ಲಿ ಅವರು ಯಾವ ತೀರ್ಮಾನಕ್ಕೂ ಬರುವುದಿಲ್ಲ. ಆ ಪುಟದ ಕೆಳಗೆ 'ವಿರೋಧ' ಎಂದು ಬರೆದು ಪೆನ್ಸಿಲಿನಲ್ಲಿ ಅದನ್ನು ದಾಖಲಿಸಿದೆ. ಬರೆದು ಮುಗಿಸಿ ನೋಡಿದರೆ, ಅವಳ ಉತ್ತರಕ್ಕೆಂದು ಎರಡು ಸಾಲು ಜಾಗ ಬಿಟ್ಟಿದ್ದೆ.

ಐವತ್ತೆಂಟನೆಯದರ ಬಗ್ಗೆ ನಿನಗೆ ವಿಶೇಷವಾಗಿ ಹೇಳಬೇಕು. ಅದು ಕೋಮಲಾಳ ಅಜ್ಜಿ ಗಾಳೆಮ್ಮ ಚೌಡಿಕೆ ವಾದ್ಯ ಹಿಡಿದು ಹಾಡಿದ್ದು. ಮೊಮ್ಮಗಳು ಅಂಗಳದಲ್ಲಿ ಕುಳಿತು ಫೋನಿನಲ್ಲಿ ಹಿಡಿದುಕೊಂಡದ್ದು. ನಡುನಡುವೆ ಕೋಳಿ ಕೂಗುತ್ತದೆ. ಆ ಗಾಳೆಮ್ಮ ನಮ್ಮ ಊರಿನವಳು, ದಾಕ್ಷಾಯಣಿ. ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ ಎಪ್ಪತ್ತು ವರ್ಷದಿಂದ ಹಾಡುತ್ತಿದ್ದಾಳೆ, ನಾನು ಒಂದು ಸಲವೂ ಕೇಳಿರಲಿಲ್ಲ. ಅರ್ಚನಾ ಬರೆದಿದ್ದಾಳೆ: 'ಕೊರಿಯಾದ ಹಾಡು ನಮ್ಮ ಮನೆಗೆ ಬಂದಿದೆ. ಇದು ಬಂದಿಲ್ಲ. ಇಲ್ಲಿಯವರೆಗೆ ಕೇಳಿದ್ದರಲ್ಲಿ ಎಲ್ಲಕ್ಕಿಂತ ಹೊಸದು ಇದೇ.' ಕಾಲೇಜಿನಲ್ಲಿ ಸಮಾನತೆಯ ಪರವಾಗಿ ಮಾತಾಡಿ ನಾನು ಗೆದ್ದ ಬಹುಮಾನಗಳು ನಡುಮನೆಯ ಕಪಾಟಿನಲ್ಲಿ ಇನ್ನೂ ಇವೆ. ಅವುಗಳ ಧೂಳು ಹೊಡೆಯುವುದನ್ನು ನಿಲ್ಲಿಸಿದ್ದೇನೆ.

ಒಂದು ಪುಟದಲ್ಲಿ ಉಜ್ಜಿನಪ್ಪ ಕೇಳಿದ್ದು ದಾಖಲಾಗಿದೆ: 'ನಾವು ನಾಕ ಮಂದಿ. ಐದನೇ ಕಿಂಡಿ ಯಾರಿಗವ್ವ? ಡ್ರೈವರ್‌ಗೆ ಕೊಟ್ರ ನಮ್ಮನ್ನ ಹಳ್ಳಕ್ಕ ಒಯ್ತಾನ.' ಅವಳ ಉತ್ತರ: 'ನಮ್ಮ ಅಪ್ಪಾಜಿಗೆ. ಬರೇ ಕೇಳಾಕ ಅಲ್ಲ, ವಿರೋಧ ಮಾತಾಡಾಕ. ಅವರ ವಿರೋಧ ದಾಟಲಾರದ ಹಾಡು ಪಾಸ್ ಅನ್ನಾಕ ಬರಂಗಿಲ್ಲ.'

ನೂರ ಹದಿನಾಲ್ಕರ ನಂತರ, ಸೆಪ್ಟೆಂಬರ್ ಹನ್ನೊಂದರ ದಿನಾಂಕ ಹಾಕಿ, ಅವಳು ಹಿಂದಿನ ದಿನವೇ ಬರೆದಿಟ್ಟುಕೊಂಡ ಒಂದು ಪುಟವಿದೆ. 'ಸಂಖ್ಯೆ 115. ಸರದಿ ನನ್ನದು. ಹಾಡಲ್ಲ. ಆದರೂ ತಾಳವಿದೆ, ಏರಿಳಿತವಿದೆ, ಉಸಿರು ಹಿಡಿದು ಬಿಡುವ ಜಾಗಗಳಿವೆ. ಯಾರ ಧ್ವನಿ ಎಂದು ಕ್ರಾಂತಿ ಖಂಡಿತ ಕಂಡುಹಿಡಿಯುತ್ತಾನೆ, ಅಂಗಡಿಯಲ್ಲಿ ಬೈಸಿಕೊಂಡಿದ್ದಾನಲ್ಲ.' ಫೋನಿನಲ್ಲಿ ಹುಡುಕಿದೆ. ಅದು ಹರಪನಹಳ್ಳಿಯ ಕಾಲೇಜಿನಲ್ಲಿ, ನನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, ಚರ್ಚಾಸ್ಪರ್ಧೆಯ ಅಂತಿಮ ಸುತ್ತಿನಲ್ಲಿ ನಾನು ಮಾತಾಡಿದ್ದರ ಕ್ಯಾಸೆಟ್. ಯಾವ ಅಂಗಡಿಯಲ್ಲಿ ಅದನ್ನು ಫೋನಿಗೆ ಇಳಿಸಿಕೊಂಡಳೋ ಗೊತ್ತಿಲ್ಲ. ಟ್ರಂಕಿನ ತಳದಿಂದ ಅದನ್ನು ತೆಗೆದುಕೊಟ್ಟವಳು ನೀನೇ ಇರಬೇಕು. ಅಂದಿನ ವಿಷಯ, 'ಮನೆತನದ ಮರ್ಯಾದೆ ಸತ್ಯಕ್ಕಿಂತ ದೊಡ್ಡದು.' ನಾನು ವಿರೋಧ ಪಕ್ಷದಲ್ಲಿದ್ದೆ. ಆ ಹುಡುಗ ಎಷ್ಟು ಚೆನ್ನಾಗಿ ಮಾತಾಡುತ್ತಾನೆ, ದಾಕ್ಷಾಯಣಿ! ಎಲ್ಲಿಯೂ ತಡವರಿಸುವುದಿಲ್ಲ. ಅವನ ವಾದಕ್ಕೆ ಉತ್ತರ ಕೊಡಲು ನನ್ನಿಂದ ಈಗ ಸಾಧ್ಯವಿಲ್ಲ. ನಾನು ಈಗ ಎದುರು ಪಕ್ಷದಲ್ಲಿದ್ದೇನೆ.

ಗಂಗಾಧರ ಪಂಪ್‌ಸೆಟ್ಟಿನ ಪೈಪು ಕೊಳ್ಳಲು ಬಂದಿದ್ದಾನೆ. ಹೊತ್ತು ಮುಳುಗುವ ಮೊದಲು ಹೊರಡಬೇಕಂತೆ. ಇಲ್ಲಿಗೆ ಮುಗಿಸುತ್ತೇನೆ. ಅತ್ತೆಯವರಿಗೆ ನನ್ನ ಶರಣು ಹೇಳು. ಗಂಗಾಧರನ ಮಕ್ಕಳಿಗೆ ಆಶೀರ್ವಾದ. ನಿನಗೂ ಆಶೀರ್ವಾದವೆಂದು ಬರೆಯಬೇಕಾದ ಜಾಗವಿದು. ಅದನ್ನು ಬರೆಯುವ ಯೋಗ್ಯತೆ ನನಗಿದೆಯೇ ಎಂಬುದನ್ನು ಕೆಳಗಿನದನ್ನು ಓದಿ ನೀನೇ ನಿರ್ಧರಿಸು.

ನಿನ್ನ
ಕರಿಸಿದ್ದಪ್ಪ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಕೊನೆಗೆ ಉಳಿಸಿಕೊಂಡದ್ದು: ಗಂಗಾಧರ ಬೈಕ್ ಶುರು ಮಾಡಿ 'ಮಾಮಾರ, ಹೊತ್ತಾತ್ರಿ' ಎನ್ನುತ್ತಿದ್ದಾನೆ, ಅಕ್ಷರ ಕೆಟ್ಟರೆ ಕ್ಷಮಿಸು. ಸಂಚಿ ನನ್ನ ಹತ್ತಿರವೇ ಇತ್ತು. ಆ ಗುರುವಾರ ಅವಳು ಸ್ನಾನಕ್ಕೆ ಹೋಗಿದ್ದಾಗ ಅವಳ ಕೈಚೀಲದಿಂದ ತೆಗೆದು ಅಂಗಡಿಗೆ ಒಯ್ದು, ಮುಕ್ಕಾಲಿಂಚಿನ ಪೈಪಿನ ಎಲ್ಬೋಗಳ ಡಬ್ಬದಲ್ಲಿ ಹಾಕಿಟ್ಟೆ. ಅವಳು ಕೇಳಲು ಬರುತ್ತಾಳೆಂದು ಗೊತ್ತಿತ್ತು. ಬಂದರೆ ಏನು ಹೇಳಬೇಕೆಂದು ಕೌಂಟರಿನ ಹಿಂದೆ ನಿಂತು ಅಂಶಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಮೂರು ಅಂಶ ಸಿದ್ಧವಾಗಿದ್ದವು. ಬಸ್ಸಿನಿಂದ ಇಳಿದು ಬಂದಳು. ರಸ್ತೆಯ ನಡುವಿನಿಂದ ನನ್ನನ್ನು ನೋಡಿ ಕೈ ಬೀಸಿ, 'ಅಪ್ಪಾಜಿ' ಎಂದಳು. ಅವಳ ಕಿವಿಯಲ್ಲಿ ಏನೂ ಇರಲಿಲ್ಲ. ನಾನು ಅಂಗೈ ಎತ್ತಿದೆ. ಬರಬೇಡ, ಹಿಂದಕ್ಕೆ ಹೋಗು ಎಂಬ ಅರ್ಥದಲ್ಲಿ ಎತ್ತಿದೆ. ಅವಳು ನಿಂತಳು. ಯಾವಾಗಲೂ ನಿಲ್ಲುತ್ತಿದ್ದಂತೆ, ನಿಂತಲ್ಲೇ ನಿಂತಳು, ನನ್ನ ಮುಖ ನೋಡುತ್ತ. ಬಸ್ಸಿನ ಮರೆಯಿಂದ ಟಿಪ್ಪರ್ ಬಂತು. ಅದರ ಚಾಲಕನ ತಪ್ಪನ್ನು ಠಾಣೆಯವರು ನೋಡಿಕೊಳ್ಳುತ್ತಾರೆ. ನನ್ನದನ್ನು ನೋಡುವವರು ಯಾರೂ ಇರಲಿಲ್ಲ, ನೀನೊಬ್ಬಳು ನೋಡಿದೆ.

ನಾನು ಒಂದು ನಿರ್ಧಾರಕ್ಕೆ ಬಂದಿದ್ದೇನೆ. ಏಕಾಂತಪ್ಪಣ್ಣನನ್ನು ಕೇಳಿಲ್ಲ, ನಿನ್ನನ್ನೂ ಕೇಳಿಲ್ಲ. ನಾಳೆ ಎಂಟೂ ಹತ್ತರ ಬಸ್ಸಿಗೆ ಸಂಚಿ ಹಿಡಿದುಕೊಂಡು ಹತ್ತುತ್ತೇನೆ. ಕೋಮಲಾಳನ್ನೂ ಕ್ರಾಂತಿಕುಮಾರನನ್ನೂ ಆ ಬಸ್ಸಿಗೇ ಬರಲು ಉಜ್ಜಿನಪ್ಪನ ಮೂಲಕ ಕೇಳಿಕೊಂಡಿದ್ದೇನೆ. ಮೇಲೆ ಬರೆದಿರುವುದನ್ನು ಮೊದಲು ಆ ಮೂವರಿಗೆ ಹೇಳುತ್ತೇನೆ, ಎರಡು ನಿಮಿಷ ಉಜ್ಜಿನಪ್ಪನದಲ್ಲವೆಂದು ಅವನಿಗೆ ಬೇರೆಯಾಗಿ ಹೇಳುತ್ತೇನೆ. ಆಮೇಲೆ ಶಾಲೆಯ ಪ್ರಾರ್ಥನೆಯಲ್ಲಿ ಮುನ್ನೂರು ಮಕ್ಕಳ ಮುಂದೆ. ಮುಖ್ಯೋಪಾಧ್ಯಾಯರಿಂದ ಐದು ನಿಮಿಷ ಕೇಳಿ ಪಡೆದಿದ್ದೇನೆ. ಸಂಜೆ ಠಾಣೆಯಲ್ಲಿ ಬರೆದುಕೊಡುತ್ತೇನೆ. ಅವರಲ್ಲಿ ಯಾರು ನನಗೆ ಏನು ಹೇಳಿದರೂ, ಎಷ್ಟು ಹೊತ್ತು ಹೇಳಿದರೂ, ಎರಡೂ ಕೈಗಳನ್ನು ಕೆಳಗಿಟ್ಟುಕೊಂಡು ಕೇಳುತ್ತೇನೆ.